ಕಾರ್ಡಿನ ಮೇಲಿನ ಮುಖ ಯಾರ ಸೊತ್ತು?

ಅಮೆರಿಕದಲ್ಲಿ ಹಳೆಯ ಬೇಸ್‌ಬಾಲ್ ಕಾರ್ಡೊಂದು ಕೋಟಿಗಟ್ಟಲೆ ಹಣಕ್ಕೆ ಹರಾಜಾಯಿತು ಎಂಬ ಸುದ್ದಿ ಆಗಾಗ ನಮ್ಮ ಪತ್ರಿಕೆಗಳ ಒಳಪುಟಗಳಿಗೂ ಬರುತ್ತದೆ. ಬಂದಾಗಲೆಲ್ಲ ಓದುಗರು ಕೇಳುವುದು ಒಂದೇ: ಅಂಗೈಯೊಳಗೆ ಅಡಗುವ ರಟ್ಟಿನ ತುಂಡಿನಲ್ಲಿ ಅಂಥದ್ದೇನಿದೆ? 2022ರ ಆಗಸ್ಟ್ ತಿಂಗಳೊಂದರಲ್ಲೇ ಎರಡು ಕಾರ್ಡುಗಳು ಈ ಪ್ರಶ್ನೆ ಎಬ್ಬಿಸಿದವು. ಮಿಕಿ ಮ್ಯಾಂಟಲ್ ಅವರ 1952ರ ಕಾರ್ಡ್ 1 ಕೋಟಿ 26 ಲಕ್ಷ ಡಾಲರಿಗೆ ಹೋಯಿತು. ಅದಕ್ಕಿಂತ ನಲವತ್ತಕ್ಕೂ ಹೆಚ್ಚು ವರ್ಷ ಹಳೆಯದಾದ, ಹೋನಸ್ ವಾಗ್ನರ್ ಅವರ ಚಿತ್ರವಿರುವ ಇನ್ನೊಂದು ಕಾರ್ಡ್ 72.5 ಲಕ್ಷ ಡಾಲರಿಗೆ ಕೈ ಬದಲಾಯಿಸಿತು. ವಿರಳತೆ, ಸಂಗ್ರಹಕಾರರ ಪೈಪೋಟಿ, ಹೂಡಿಕೆದಾರರ ಲೆಕ್ಕಾಚಾರ ಎಂದು ಉತ್ತರ ಹೇಳಿ ಮುಗಿಸಬಹುದು, ಆ ಉತ್ತರ ಸರಿಯೂ ಹೌದು. ಆದರೆ ಬೆಲೆಯ ಮಾತು ಬಂತೆಂದರೆ ಕಾರ್ಡಿನ ಮೇಲಿರುವ ಚಿತ್ರವನ್ನು ಯಾರೂ ನೋಡುವುದಿಲ್ಲ. ಈ ಚಿತ್ರಗಳನ್ನು ಕಾಲಾನುಕ್ರಮದಲ್ಲಿ ಸಾಲಾಗಿಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಅವುಗಳಲ್ಲಿ ಆಟ ಬಹಳ ಕಡಿಮೆ. ಓಟವಿಲ್ಲ, ಧೂಳಿಲ್ಲ, ಎದುರಾಳಿಯಿಲ್ಲ. ಇರುವುದೆಲ್ಲ ನಿಲ್ಲಿಸಿದ ಜಾಗದಲ್ಲಿ ನಿಂತು, ಹೇಳಿದ ಕಡೆ ಮುಖ ತಿರುಗಿಸಿದ ಮನುಷ್ಯರು. ಹೀಗೇಕೆ ಎಂದು ಹುಡುಕುತ್ತ ಹೋದರೆ, ಒಬ್ಬ ಮನುಷ್ಯನ ಮುಖಕ್ಕೆ ಒಡೆಯ ಯಾರು ಎಂಬ ದೀರ್ಘ ಜಗಳವೊಂದು ಬಿಚ್ಚಿಕೊಳ್ಳುತ್ತದೆ. ಹಳೆಯ ಬೇಸ್‌ಬಾಲ್ ಕಾರ್ಡಿನ ಫೋಟೋಗಳನ್ನು ಆಟದ ನೆನಪಾಗಿ ನೋಡುವುದಕ್ಕಿಂತ ಆ ಜಗಳದ ಕಡತವಾಗಿ ಓದಿದರೆ ಹೆಚ್ಚು ತಿಳಿಯುತ್ತದೆ ಎಂಬುದು ನನ್ನ ವಾದ.

ಮೊದಲಿನಿಂದ ನೋಡೋಣ. ನ್ಯೂಯಾರ್ಕಿನ ಗುಡ್ವಿನ್ ಕಂಪನಿ 1886ರಿಂದ 1890ರವರೆಗೆ ತನ್ನ ‘ಓಲ್ಡ್ ಜಡ್ಜ್’ ಸಿಗರೇಟಿನ ಪೊಟ್ಟಣಗಳಲ್ಲಿ ಬೇಸ್‌ಬಾಲ್ ಆಟಗಾರರ ಫೋಟೋಗಳನ್ನು ಇಟ್ಟು ಮಾರಿತು. ಸಿಗರೇಟು ಮುರಿಯದಂತೆ ಪೊಟ್ಟಣಕ್ಕೆ ಬಿಗಿ ಕೊಡಲು ರಟ್ಟು ಹೇಗೂ ಬೇಕಿತ್ತು. ಅದರ ಮೇಲೊಂದು ಚಿತ್ರ ಅಂಟಿಸಿದರೆ ಗಿರಾಕಿ ಮತ್ತೆ ಬರುತ್ತಾನೆ ಎಂಬ ವ್ಯಾಪಾರದ ಬುದ್ಧಿ ಅದು. ಅವು ಅಚ್ಚಾದ ಚಿತ್ರಗಳಲ್ಲ, ನಿಜವಾದ ಕಂದುಬಣ್ಣದ ಫೋಟೋಗಳು. ಐನೂರಕ್ಕೂ ಹೆಚ್ಚು ಆಟಗಾರರು, ಒಬ್ಬೊಬ್ಬರದೂ ಹಲವು ಭಂಗಿ. ಹೆಚ್ಚಿನವು ಸ್ಟುಡಿಯೋದೊಳಗೆ, ಬಣ್ಣ ಬಳಿದ ಪರದೆಯ ಮುಂದೆ ತೆಗೆದವು. ಕ್ಯಾಚ್ ಹಿಡಿಯುವಂತೆ ಕೈಚಾಚಿದ ಆಟಗಾರನ ಮುಂದೆ ಚೆಂಡು ಗಾಳಿಯಲ್ಲಿ ನಿಂತಿರುತ್ತದೆ. ಹತ್ತಿರದಿಂದ ನೋಡಿದರೆ ಅದನ್ನು ಮೇಲಿನಿಂದ ಇಳಿಬಿಟ್ಟ ದಾರ ಕಾಣುತ್ತದೆ. ಬ್ಯಾಟ್ ಬೀಸುವವನ ಮುಂದೆಯೂ ಅದೇ ದಾರ, ಅದೇ ಚೆಂಡು. ಆ ಕಾಲದ ಕ್ಯಾಮೆರಾಕ್ಕೆ ಚಲನೆಯನ್ನು ಹಿಡಿಯುವ ವೇಗವಿರಲಿಲ್ಲ, ಆದ್ದರಿಂದ ಮನುಷ್ಯನೂ ಚೆಂಡೂ ಅಲುಗದೆ ನಿಲ್ಲಬೇಕಿತ್ತು. ಈ ಹಂತದಲ್ಲಿ ತಂತ್ರಜ್ಞಾನದ ಮಿತಿಯೇ ಮುಖ್ಯ ಕಾರಣ ಎಂದು ನಾನೂ ಒಪ್ಪುತ್ತೇನೆ. ಆದರೆ ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಒಬ್ಬನ ಮುಖವನ್ನು ಸರಕಿನ ಜೊತೆ ಮಾರಲು ಅವನ ಒಪ್ಪಿಗೆ ಬೇಕು ಎಂಬ ಕಾನೂನು ಆಗ ನ್ಯೂಯಾರ್ಕಿನಲ್ಲಿ ಇರಲೇ ಇಲ್ಲ.

ಆ ಕಾನೂನು ಬಂದದ್ದು ಬೇಸ್‌ಬಾಲಿನಿಂದಲ್ಲ, ಹಿಟ್ಟಿನ ಚೀಲದಿಂದ. ಒಬ್ಬ ಹುಡುಗಿಯ ಭಾವಚಿತ್ರವನ್ನು ಅವಳನ್ನು ಕೇಳದೆಯೇ ಒಂದು ಗಿರಣಿಯ ಹಿಟ್ಟಿನ ಜಾಹೀರಾತಿಗೆ ಬಳಸಿಕೊಂಡಿದ್ದರು. ಮೊಕದ್ದಮೆ ನಡೆಯಿತು. 1902ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುಚ್ಚ ನ್ಯಾಯಾಲಯ ಅವಳಿಗೆ ಅಂಥ ಹಕ್ಕೇ ಇಲ್ಲ ಎಂದಿತು. ಜನ ಸಿಟ್ಟಾದರು. ಮರುವರ್ಷ, 1903ರಲ್ಲಿ, ಶಾಸನಸಭೆ ಹೊಸ ಕಾನೂನು ಮಾಡಿ, ವ್ಯಾಪಾರಕ್ಕೆ ಒಬ್ಬರ ಹೆಸರನ್ನೋ ಚಿತ್ರವನ್ನೋ ಬಳಸಬೇಕಾದರೆ ಅವರ ಲಿಖಿತ ಒಪ್ಪಿಗೆ ಬೇಕೆಂದು ವಿಧಿಸಿತು. 1909ರಲ್ಲಿ ಅಮೆರಿಕನ್ ಟೊಬ್ಯಾಕೋ ಕಂಪನಿ ಹೊಸ ಕಾರ್ಡುಗಳ ಮಾಲೆ ಹೊರತರಲು ಹೊರಟಾಗ ಈ ಕಾನೂನು ಜಾರಿಯಲ್ಲಿತ್ತು. ಸಂಗ್ರಹಕಾರರು ಇಂದು ‘ಟಿ206’ ಎಂದು ಕರೆಯುವ ಮಾಲೆ ಅದು: ಫೋಟೋಗಳನ್ನು ಆಧಾರವಾಗಿಟ್ಟು ಕಲ್ಲಚ್ಚಿನಲ್ಲಿ ಬಣ್ಣ ತುಂಬಿದ ಐನೂರಕ್ಕೂ ಹೆಚ್ಚು ಚಿತ್ರಗಳು. ವಾಗ್ನರ್ ಅವರ ಕಾರ್ಡಿಗೆ ಆಧಾರ ಬಾಸ್ಟನ್ನಿನ ಕಾರ್ಲ್ ಹಾರ್ನರ್ ತೆಗೆದ ಭಾವಚಿತ್ರ. ಕಿತ್ತಳೆ ಬಣ್ಣದ ಹಿನ್ನೆಲೆ, ನಡುಬೈತಲೆ, ಕ್ಯಾಮೆರಾದ ಕಡೆ ನೋಡದ ಕಣ್ಣು. ವಾಗ್ನರ್ ಒಪ್ಪಿಗೆ ಕೊಡಲಿಲ್ಲ. ಒಪ್ಪಿಗೆ ತಂದುಕೊಟ್ಟರೆ 10 ಡಾಲರ್ ಎಂದು ಪಿಟ್ಸ್‌ಬರ್ಗಿನ ಕ್ರೀಡಾ ಬರಹಗಾರ ಜಾನ್ ಗ್ರೂಬರ್ ಅವರಿಗೆ ಕಂಪನಿ ಹೇಳಿತ್ತು. ವಾಗ್ನರ್ ಬೇಡವೆಂದು ಬರೆದು, ಗೆಳೆಯನಿಗೆ ನಷ್ಟವಾಗಬಾರದೆಂದು ತಾವೇ 10 ಡಾಲರಿನ ಚೆಕ್ ಕಳಿಸಿದರು ಎಂದು 1912ರಲ್ಲಿ ‘ದಿ ಸ್ಪೋರ್ಟಿಂಗ್ ನ್ಯೂಸ್’ ವರದಿ ಮಾಡಿತು. ಅಷ್ಟರೊಳಗೆ ಅಚ್ಚಾಗಿಹೋಗಿದ್ದ ಕೆಲವೇ ಕಾರ್ಡುಗಳು ಹೊರಗೆ ಉಳಿದುಕೊಂಡವು.

ವಾಗ್ನರ್ ಹೀಗೇಕೆ ಮಾಡಿದರು ಎಂಬ ಚರ್ಚೆ ಇನ್ನೂ ನಿಂತಿಲ್ಲ. ಮಕ್ಕಳು ತಮ್ಮ ಚಿತ್ರಕ್ಕಾಗಿ ಸಿಗರೇಟು ಕೊಳ್ಳಬಾರದು ಎಂಬ ಕಾಳಜಿ ಎನ್ನುತ್ತಾರೆ ಕೆಲವರು. ಆತ ಸ್ವತಃ ತಂಬಾಕು ಜಗಿಯುತ್ತಿದ್ದವರು, ಹಿಂದೆ ಸಿಗಾರಿನ ಜಾಹೀರಾತಿಗೆ ಹೆಸರು ಕೊಟ್ಟವರು, ಈ ಸಲ ಹಣ ಸಾಲಲಿಲ್ಲ ಅಷ್ಟೇ ಎನ್ನುತ್ತಾರೆ ಇನ್ನು ಕೆಲವರು. ನನಗೆ ಈ ಚರ್ಚೆ ದಾರಿ ತಪ್ಪಿದ್ದು ಎನಿಸುತ್ತದೆ. ಕಾರಣ ನೀತಿಯಾಗಿರಲಿ, ಹಣವಾಗಿರಲಿ, ತನ್ನ ಮುಖ ಯಾವ ಸರಕಿನ ಜೊತೆ ಯಾವ ಬೆಲೆಗೆ ಹೋಗಬೇಕೆಂಬುದನ್ನು ತಾನೇ ನಿರ್ಧರಿಸುತ್ತೇನೆ ಎಂದದ್ದೇ ಮುಖ್ಯ. ಹಣಕ್ಕಾಗಿ ಹೇಳಿದ ‘ಇಲ್ಲ’ ಸಣ್ಣದೆಂದು ಏಕೆ ಭಾವಿಸಬೇಕು? ಮೈಮುರಿದು ದುಡಿಯುವವನು ಕೂಲಿ ಕೇಳಿದರೆ ಅದು ದುರಾಸೆಯಾಗುವುದಿಲ್ಲ. ಲೋಕದ ಅತಿ ದುಬಾರಿ ಕಾರ್ಡುಗಳಲ್ಲೊಂದು ಹುಟ್ಟಿದ್ದೇ ಒಬ್ಬ ಆಟಗಾರ ತನ್ನ ಚಿತ್ರ ಕೊಡಲು ಒಪ್ಪದ್ದರಿಂದ. ಎಲ್ಲರಂತೆ ಅವರೂ ಸಹಿ ಹಾಕಿದ್ದರೆ ಈ ಕಾರ್ಡು ಮಾಲೆಯ ಉಳಿದ ಕಾರ್ಡುಗಳಂತೆ ಸಾವಿರಗಟ್ಟಲೆ ಸಿಗುತ್ತಿತ್ತು.

ಕೇಳಿಸಿಕೊಂಡು ಇಲ್ಲವೆನ್ನುವ ಅವಕಾಶ ವಾಗ್ನರ್ ಅವರಿಗಾದರೂ ಇತ್ತು. ಕೇಳಿಸಿಕೊಳ್ಳುವ ಅವಕಾಶವೇ ಇಲ್ಲದವರ ವಿಷಯ ಇನ್ನೂ ಕಹಿ. 1880ರ ದಶಕದ ಕೊನೆಯಿಂದ 1947ರಲ್ಲಿ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡ ಸೇರುವವರೆಗೆ ಕಪ್ಪು ಆಟಗಾರರಿಗೆ ದೊಡ್ಡ ಲೀಗಿನ ಬಾಗಿಲು ಮುಚ್ಚಿತ್ತು. ಟಿ206 ಮಾಲೆಯ ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಒಬ್ಬ ಕಪ್ಪು ಅಮೆರಿಕನ್ನನೂ ಇಲ್ಲ. ಆ ಕಾಲದ ಶ್ರೇಷ್ಠರಲ್ಲಿ ಒಬ್ಬರಾದ ಆಸ್ಕರ್ ಚಾರ್ಲ್ಸ್‌ಟನ್ ಅವರನ್ನು ಕಾರ್ಡಿನ ಮೇಲೆ ನೋಡಬೇಕಾದರೆ 1920ರ ದಶಕದ ಕ್ಯೂಬಾದ ಸಿಗರೇಟು ಪೊಟ್ಟಣಕ್ಕೆ ಹೋಗಬೇಕು. ಭಾರಿ ಹೊಡೆತಗಾರ ಜಾಷ್ ಗಿಬ್ಸನ್ ಅವರ ಪ್ರಸಿದ್ಧ ಕಾರ್ಡ್ ಬಂದದ್ದು ಪೋರ್ಟೊ ರಿಕೋದಲ್ಲಿ, ಅದೂ 1947ರಲ್ಲಿ ಅವರು ತೀರಿಕೊಂಡ ಮೇಲೆ. ದಶಕಗಳ ಕಾಲ ಚೆಂಡೆಸೆದು ಜನರನ್ನು ಬೆರಗುಗೊಳಿಸಿದ್ದ ಸ್ಯಾಚೆಲ್ ಪೇಜ್ ಅವರ ಕಾರ್ಡನ್ನು ಬೋಮನ್ ಕಂಪನಿ ತಂದದ್ದು 1949ರಲ್ಲಿ, ಅವರು ನಲವತ್ತು ದಾಟಿದ ಮೇಲೆ. ಹಳೆಯ ಕಾರ್ಡುಗಳನ್ನು ಅಮೆರಿಕದ ಬಾಲ್ಯದ ಆಲ್ಬಮ್ ಎಂದು ಹೊಗಳುವವರು ಈ ಖಾಲಿ ಪುಟಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ತಂಬಾಕಿನ ಜಾಗಕ್ಕೆ ಚೂಯಿಂಗ್ ಗಮ್ ಬಂದ ಮೇಲೆ ಜಗಳಕ್ಕೆ ಹೊಸ ಕಳೆ ಬಂತು. ಬೋಮನ್ ಮತ್ತು ಬ್ರೂಕ್ಲಿನ್ನಿನ ಟಾಪ್ಸ್, ಈ ಎರಡು ಗಮ್ ಕಂಪನಿಗಳು 1950ರ ದಶಕದ ಮೊದಲ ಭಾಗದಲ್ಲಿ ಒಂದೊಂದು ಮುಖಕ್ಕೂ ಕಿತ್ತಾಡಿದವು. 1952ರ ಟಾಪ್ಸ್ ಮಾಲೆಯಲ್ಲಿ 407 ಕಾರ್ಡುಗಳಿದ್ದವು. ಕೋಟಿಗಟ್ಟಲೆಗೆ ಹೋದ ಮ್ಯಾಂಟಲ್ ಚಿತ್ರವೂ ಅದರದ್ದೇ, ಕಪ್ಪು ಬಿಳುಪು ಫೋಟೋ ಮೇಲೆ ಬಣ್ಣ ಹಚ್ಚಿದ್ದು. 1953ರಲ್ಲಿ ಬೋಮನ್ ನಿಜವಾದ ಬಣ್ಣದ ಫೋಟೋಗಳನ್ನೇ ಅಚ್ಚು ಹಾಕಿತು. ಮುಂಬದಿಯಲ್ಲಿ ಹೆಸರಿಲ್ಲ, ವಿನ್ಯಾಸವಿಲ್ಲ, ಬಿಳಿ ಅಂಚು ಮತ್ತು ಫೋಟೋ ಮಾತ್ರ. ಪೀ ವೀ ರೀಸ್ ಗಾಳಿಯಲ್ಲಿ ಜಿಗಿದು ಚೆಂಡೆಸೆಯುತ್ತಿರುವ ಆ ಮಾಲೆಯ ಕಾರ್ಡಿನಷ್ಟು ಸುಂದರ ಬೇಸ್‌ಬಾಲ್ ಕಾರ್ಡ್ ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ. ಅದೇ 1953ರಲ್ಲಿ ನ್ಯಾಯಾಧೀಶ ಜೆರೋಮ್ ಫ್ರ್ಯಾಂಕ್ ಅಮೆರಿಕದ ಕಾನೂನಿನ ದಿಕ್ಕು ಬದಲಿಸಿದ ತೀರ್ಪೊಂದನ್ನು ಬರೆದರು. ಬೋಮನ್ ಕಂಪನಿ ಆಗ ಹೇಲನ್ ಲ್ಯಾಬೊರೇಟರೀಸ್ ಎಂಬ ಹೆಸರಿನಲ್ಲಿತ್ತು. ನಾವು ಒಪ್ಪಂದ ಮಾಡಿಕೊಂಡ ಆಟಗಾರರ ಫೋಟೋಗಳನ್ನು ಟಾಪ್ಸ್ ಬಳಸುತ್ತಿದೆ ಎಂದು ಅದು ದಾವೆ ಹೂಡಿತ್ತು. ಆಟಗಾರ ಸಹಿ ಹಾಕಿದ್ದು ತನ್ನ ಖಾಸಗಿತನಕ್ಕೆ ಧಕ್ಕೆಯಾಯಿತೆಂದು ದೂರುವುದಿಲ್ಲ ಎಂಬ ಮಾತಿಗೆ ಮಾತ್ರ, ಅದನ್ನು ಆಸ್ತಿಯಂತೆ ಇನ್ನೊಬ್ಬರಿಗೆ ಕೊಡಲಾಗದು ಎಂದು ಟಾಪ್ಸ್ ವಾದಿಸಿತು. ನ್ಯಾಯಾಲಯ ಒಪ್ಪಲಿಲ್ಲ. ಖಾಸಗಿತನದ ಹಕ್ಕಿನ ಜೊತೆಗೆ, ತನ್ನ ಫೋಟೋಗಿರುವ ಪ್ರಚಾರದ ಬೆಲೆಯ ಮೇಲೂ ಮನುಷ್ಯನಿಗೆ ಹಕ್ಕಿದೆ, ಅದನ್ನು ಒಬ್ಬರಿಗೇ ಕೊಡುವ ಅಧಿಕಾರವೂ ಇದೆ ಎಂದಿತು. ಸಿನಿಮಾ ತಾರೆಯರಿಂದ ಹಿಡಿದು ಗಾಯಕರವರೆಗೆ ಇಂದು ಎಲ್ಲರೂ ನೆಚ್ಚಿಕೊಂಡಿರುವ ಹಕ್ಕು ಹೀಗೆ ಗಮ್ ಕಾರ್ಡಿನ ಫೋಟೋದಿಂದ ಕಾನೂನಿನೊಳಗೆ ಬಂತು.

ಈ ತೀರ್ಪಿನಿಂದ ಆಟಗಾರನಿಗೆ ತಕ್ಷಣ ಸಿಕ್ಕಿದ್ದೇನೂ ಇಲ್ಲ, ಗೆದ್ದದ್ದು ಒಪ್ಪಂದ ಹಿಡಿದಿದ್ದ ಕಂಪನಿ ಎಂದು ಆಕ್ಷೇಪಿಸಬಹುದು. ಅದು ನಿಜ. ಚಿತ್ರಗಳೇ ಅದಕ್ಕೆ ಸಾಕ್ಷಿ. 1954ರ ಬೋಮನ್ ಮಾಲೆಯಲ್ಲಿ ಮೊದಲು ಅಚ್ಚಾದ ಟೆಡ್ ವಿಲಿಯಮ್ಸ್ ಕಾರ್ಡನ್ನು ಹಿಂತೆಗೆದು ಅದೇ ಸಂಖ್ಯೆಗೆ ಜಿಮಿ ಪಿಯರ್‌ಸಾಲ್ ಅವರನ್ನು ಕೂರಿಸಬೇಕಾಯಿತು, ಏಕೆಂದರೆ ವಿಲಿಯಮ್ಸ್ ಟಾಪ್ಸ್ ಪಾಲಾಗಿದ್ದರು. 1954 ಮತ್ತು 1955ರ ಟಾಪ್ಸ್ ಮಾಲೆಗಳಲ್ಲಿ ಮ್ಯಾಂಟಲ್ ಇಲ್ಲ, ಏಕೆಂದರೆ ಅವರು ಬೋಮನ್ ಪಾಲಾಗಿದ್ದರು. 1956ರಲ್ಲಿ ಟಾಪ್ಸ್ ಬೋಮನ್ ಕಂಪನಿಯನ್ನೇ ಕೊಂಡುಕೊಂಡ ಮೇಲೆ ಪೈಪೋಟಿಯೂ ಸತ್ತಿತು. ಕಿರಿಯರ ಲೀಗಿನ ಹುಡುಗರಿಗೆ 5 ಡಾಲರ್ ಕೈಗಿತ್ತು ಟಾಪ್ಸ್ ಸಹಿ ಹಾಕಿಸಿಕೊಳ್ಳುತ್ತಿತ್ತು. ದೊಡ್ಡ ಲೀಗಿಗೆ ಬಂದರೆ ವರ್ಷಕ್ಕೆ 125 ಡಾಲರ್. ಮೋರಿ ವಿಲ್ಸ್ ಎಂಬ ಹುಡುಗ ಮೇಲಕ್ಕೆ ಬರಲಾರ ಎಂದು ಎಣಿಸಿ ಅವರನ್ನು ಕಂಪನಿ ಕೈಬಿಟ್ಟಿತು. ಅವರು 1962ರಲ್ಲಿ ಒಂದೇ ಋತುವಿನಲ್ಲಿ 104 ಬೇಸ್ ಕದ್ದು, ನ್ಯಾಷನಲ್ ಲೀಗಿನ ಅತ್ಯುತ್ತಮ ಆಟಗಾರನೆನಿಸಿಕೊಂಡರು. ಹಳೆಯ ಅವಮಾನ ಮರೆಯದ ವಿಲ್ಸ್ ಅವರಿಗೆ 1967ರವರೆಗೆ ಟಾಪ್ಸ್ ಕಾರ್ಡೇ ಇಲ್ಲ. ಆ ವರ್ಷಗಳ ಮಾಲೆಯನ್ನು ನೋಡುವ ಮಗುವಿಗೆ ಅಂಥ ಆಟಗಾರ ಇದ್ದನೆಂದೇ ಗೊತ್ತಾಗದು.

ಈಗ ಭಂಗಿಯ ಪ್ರಶ್ನೆಗೆ ಮರಳೋಣ. 1957ರಿಂದ ಟಾಪ್ಸ್ ಕಾರ್ಡುಗಳಲ್ಲಿ ಬಣ್ಣದ ಫೋಟೋ ಬಂತು, ಎರಡೂವರೆ ಇಂಚು ಅಗಲ ಮೂರೂವರೆ ಇಂಚು ಎತ್ತರದ ಇಂದಿನ ಅಳತೆಯೂ ಆಗಲೇ ಬಂತು. ಆದರೂ ಆಟಗಾರ ನಿಂತೇ ಇದ್ದಾನೆ: ಬ್ಯಾಟನ್ನು ಹೆಗಲಿಗೇರಿಸಿ ಎಂದೂ ಬಾರದ ಚೆಂಡಿಗೆ ಕಾಯುತ್ತ, ಎಸೆದು ಮುಗಿಸಿದಂತೆ ಕೈ ಚಾಚಿ. ಇದೂ ಕ್ಯಾಮೆರಾದ ಮಿತಿಯೇ ಎನ್ನುವವರಿದ್ದಾರೆ. ಅಂದಿನ ಬಣ್ಣದ ಫಿಲ್ಮಿಗೆ ಬೆಳಕು ಹೆಚ್ಚು ಬೇಕಿತ್ತು ಎಂಬುದು ಸುಳ್ಳಲ್ಲ. ಆದರೆ ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ಚಾರ್ಲ್ಸ್ ಕಾನ್ಲನ್ 1910ರ ಸುಮಾರಿಗೇ, ಟೈ ಕಾಬ್ ಹಲ್ಲುಕಚ್ಚಿ ಮೂರನೇ ಬೇಸಿಗೆ ಜಾರಿ ನುಗ್ಗುವುದನ್ನು ಧೂಳಿನ ಸಮೇತ ಹಿಡಿದಿದ್ದರು. 1954ರಲ್ಲಿ ಶುರುವಾದ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಮೈದಾನದ ಚಲನೆಯನ್ನು ವಾರವಾರ ತೋರಿಸುತ್ತಿತ್ತು. ಟಾಪ್ಸ್ ತರುತ್ತಿದ್ದ ಆಟಗಾರರ ಸ್ವಂತ ಕಾರ್ಡಿಗೆ ಪಂದ್ಯದ ನಡುವಿನ ಬಣ್ಣದ ಫೋಟೋ ಬರಲು 1971ರವರೆಗೆ ಕಾಯಬೇಕಾದ್ದು ಕ್ಯಾಮೆರಾದಿಂದಲ್ಲ, ದುಡ್ಡಿನ ಲೆಕ್ಕದಿಂದ. ಋತು ಶುರುವಾಗುವ ಮೊದಲು ತಂಡಗಳು ಫ್ಲಾರಿಡಾ, ಅರಿಜೋನಾಗಳಲ್ಲಿ ತಾಲೀಮಿಗೆ ಸೇರಿದಾಗ ಒಬ್ಬ ಫೋಟೋಗ್ರಾಫರ್ ಒಂದೇ ದಿನ ಇಡೀ ತಂಡವನ್ನು ಮುಗಿಸಬಹುದಿತ್ತು. ಬ್ಯಾಟಿನೊಂದಿಗೆ ಒಂದು, ಗ್ಲೌಸಿನೊಂದಿಗೆ ಒಂದು, ಟೋಪಿ ತೆಗೆಸಿ ಒಂದು. ಈ ಟೋಪಿಯಿಲ್ಲದ ಚಿತ್ರವೇ ಇಡೀ ವ್ಯವಸ್ಥೆಯ ಕೀಲಿಕೈ. ಆಟಗಾರನನ್ನು ಅವನ ಮಾತು ಕೇಳದೆ ತಂಡ ಮತ್ತೊಂದು ಊರಿಗೆ ಮಾರಬಹುದಿದ್ದ ಕಾಲ ಅದು. ತಂಡದ ಗುರುತಿಲ್ಲದ ಬರಿತಲೆಯ ಚಿತ್ರವಿದ್ದರೆ ಯಾವ ತಂಡದ ಹೆಸರನ್ನಾದರೂ ಕೆಳಗೆ ಅಚ್ಚು ಹಾಕಬಹುದು. ಹಳೆಯ ಕಾರ್ಡುಗಳಲ್ಲಿ ಬೋಳುತಲೆಯೋ ಕೆದರಿದ ಕೂದಲೋ ತೋರಿಸುತ್ತ, ಕತ್ತಿನವರೆಗೆ ಕತ್ತರಿಸಿದಂತೆ ಕಾಣುವ ಮುಖಗಳಿಗೆ ಇದೇ ಅರ್ಥ: ಮಾರಾಟಕ್ಕೆ ಮೊದಲೇ ಸಿದ್ಧವಾದ ಚಿತ್ರಗಳವು.

1966ರಲ್ಲಿ ಆಟಗಾರರ ಸಂಘದ ಹೊಣೆ ಹೊತ್ತ ಮಾರ್ವಿನ್ ಮಿಲ್ಲರ್ ಉಕ್ಕಿನ ಕಾರ್ಮಿಕರ ಸಂಘದಲ್ಲಿ ಪಳಗಿ ಬಂದವರು. 125 ಡಾಲರಿನ ಒಪ್ಪಂದ ನೋಡಿದ ಅವರು, ಟಾಪ್ಸ್ ಕ್ಯಾಮೆರಾದ ಮುಂದೆ ನಿಲ್ಲಬೇಡಿ ಎಂದು 1968ರಲ್ಲಿ ಆಟಗಾರರಿಗೆ ಹೇಳಿದರು. ಆಟಗಾರರು ನಿಲ್ಲಲಿಲ್ಲ. ಬೇಸ್‌ಬಾಲ್ ಇತಿಹಾಸದ ದೊಡ್ಡ ಮುಷ್ಕರಗಳೆಲ್ಲ ಇದರ ನಂತರದವು. ಆಟಗಾರರು ಒಟ್ಟಾಗಿ ಗೆಲ್ಲಬಹುದು ಎಂದು ಮೊದಲು ಕಲಿತ ಪಾಠಗಳಲ್ಲಿ ಒಂದು, ಫೋಟೋಗೆ ನಿಲ್ಲದಿರುವುದು. ವರ್ಷದ ಕೊನೆಗೆ ಟಾಪ್ಸ್ ಮಣಿಯಿತು. ತಲಾ 250 ಡಾಲರ್, ಜೊತೆಗೆ 40 ಲಕ್ಷ ಡಾಲರ್‌ವರೆಗಿನ ಮಾರಾಟದ ಮೇಲೆ ಶೇ 8, ಅದರಾಚೆಗೆ ಶೇ 10 ಪಾಲು. ಹೊಸ ಫೋಟೋಗಳಿಲ್ಲದ 1969ರ ಮಾಲೆಯಲ್ಲಿ ಹಳೆಯ ಚಿತ್ರಗಳು ಮತ್ತೆ ಬಂದಿವೆ, ಬರಿತಲೆಗಳು ತುಂಬಿವೆ. ಸಂಗ್ರಹಕಾರರು ಇದನ್ನು ನೀರಸ ಮಾಲೆ ಎಂದು ದೂರುವುದುಂಟು. ನನಗೆ ಅದು ಎಲ್ಲಕ್ಕಿಂತ ಮಾತಾಡುವ ಮಾಲೆ. ಆರೆಲಿಯೋ ರಾಡ್ರಿಗಸ್ ಎಂಬ ಹೆಸರಿನ ಕಾರ್ಡಿನಲ್ಲಿ ಇರುವುದು ತಂಡದ ಬ್ಯಾಟ್ ಹೊರುವ ಹುಡುಗನ ಮುಖ. ಅದೂ ಇದೇ 1969ರ ಮಾಲೆಯಲ್ಲಿ. ಎಡವಟ್ಟಿಗೆ ಕಾರಣ ಏನೇ ಇರಲಿ, ಅಚ್ಚಿಗೆ ಹೋಗುವ ಮೊದಲು ಆ ಮುಖ ಯಾರದೆಂದು ಕಂಪನಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ರೊಬೆರ್ಟೊ ಕ್ಲೆಮೆಂಟೆ ಅವರನ್ನು 1960ರ ದಶಕದುದ್ದಕ್ಕೂ ಇದೇ ಕಂಪನಿ ‘ಬಾಬ್’ ಎಂದು ಅಚ್ಚು ಹಾಕಿತು ಎಂಬುದನ್ನೂ ಇಲ್ಲೇ ನೆನೆಯಬೇಕು.

1970ರ ಒಂದು ಕಾರ್ಡ್ ನನ್ನ ವಾದಕ್ಕೆ ಬಲವಾದ ಪುರಾವೆ. ಸೇಂಟ್ ಲೂಯಿಸ್ ತಂಡಕ್ಕೆ ಹನ್ನೆರಡು ಋತು ಆಡಿದ್ದ ಕರ್ಟ್ ಫ್ಲಡ್ ಅವರನ್ನು 1969ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾಕ್ಕೆ ವರ್ಗಾಯಿಸಲಾಯಿತು. ಅವರು ಹೋಗಲಿಲ್ಲ. ಕೊಳ್ಳುವ ಮಾರುವ ಸರಕು ನಾನಲ್ಲ ಎಂದು ಆ ಡಿಸೆಂಬರಿನಲ್ಲಿ ಬೇಸ್‌ಬಾಲ್ ಆಯುಕ್ತರಿಗೆ ಪತ್ರ ಬರೆದು, ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು, ಅಷ್ಟರಲ್ಲಿ ಅವರ ಆಟದ ಬದುಕೂ ಮುಗಿದಿತ್ತು. 1970ರ ಟಾಪ್ಸ್ ಮಾಲೆಯಲ್ಲಿ ಅವರ ಕಾರ್ಡಿದೆ, ತಂಡದ ಹೆಸರು ಫಿಲಡೆಲ್ಫಿಯಾ. ಆ ತಂಡಕ್ಕೆ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. 1975ರ ಡಿಸೆಂಬರಿನಲ್ಲಿ ಪಂಚಾಯ್ತಿದಾರ ಪೀಟರ್ ಸೈಟ್ಸ್ ಕೊಟ್ಟ ತೀರ್ಮಾನದಿಂದ ಆಟಗಾರರಿಗೆ ತಂಡ ಆರಿಸಿಕೊಳ್ಳುವ ಸ್ವಾತಂತ್ರ್ಯದ ದಾರಿ ತೆರೆದ ಮೇಲೆ, ಹಿಂದೆ ಬೀಳುವ ಸರದಿ ಕಂಪನಿಯದಾಯಿತು. ರೆಜಿ ಜಾಕ್ಸನ್ ಬಾಲ್ಟಿಮೋರ್ ಬಿಟ್ಟು ನ್ಯೂಯಾರ್ಕ್ ಯಾಂಕೀಸ್ ಸೇರಿದಾಗ, 1977ರ ಕಾರ್ಡಿಗಾಗಿ ಬಾಲ್ಟಿಮೋರ್ ಸಮವಸ್ತ್ರದ ಫೋಟೋ ಮೇಲೆಯೇ ಏರ್‌ಬ್ರಷ್ ಹಿಡಿದು ಯಾಂಕೀಸ್ ಬಟ್ಟೆ ಬಿಡಿಸಬೇಕಾಯಿತು. ಆಟಗಾರ ಹೋದ ಕಡೆಗೆ ಚಿತ್ರ ಓಡಬೇಕಾಗಿ ಬಂದ ಹೊಸ ಕಾಲ ಅದು.

ಇವೆಲ್ಲ ಮಕ್ಕಳು ಪ್ರೀತಿಸಿದ ವಸ್ತುಗಳು, ಗಮ್ ವಾಸನೆಯೊಂದಿಗೆ ಕೈಗೆ ಬಂದ ಸಂತೋಷ, ಅದರಲ್ಲಿ ಒಪ್ಪಂದ ಕೂಲಿಗಳ ಲೆಕ್ಕ ಹುಡುಕುವುದು ಅರಸಿಕತನ ಎಂಬುದು ಕೊನೆಯ ಆಕ್ಷೇಪ. ಸಂತೋಷವನ್ನು ನಾನು ಅಲ್ಲಗಳೆಯುವುದಿಲ್ಲ. ಈ ಚಿತ್ರಗಳ ಹಿನ್ನೆಲೆಯಲ್ಲಿ ಕೆಡವಿಹಾಕಿದ ಮೈದಾನಗಳ ಕಂಬಗಳು, ಅಂತಸ್ತುಗಳು ಉಳಿದಿವೆ. 1964ರಲ್ಲಿ ನೆಲಸಮವಾದ ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್ ಅನ್ನು ಬಣ್ಣದಲ್ಲಿ ನೋಡಲು ಕಾರ್ಡುಗಳೂ ಒಂದು ಒಳ್ಳೆಯ ದಾರಿ. ಸುಮ್ಮನೆ ನಿಂತ ಮುಖದಲ್ಲಿ, ಮಾರ್ಚಿ ತಿಂಗಳ ಬಿಸಿಲಿಗೆ ಕಿರಿದಾದ ಕಣ್ಣಿನಲ್ಲಿ ಒಂದು ಸೊಗಸಿದೆ, ಇಂದಿನ ಮಿಂಚುವ ಕಾರ್ಡುಗಳಲ್ಲಿ ಅದು ಸಿಗುವುದಿಲ್ಲ. ಆದರೆ ಪ್ರೀತಿಸಿದ ಮುಖ ಎಷ್ಟಕ್ಕೆ ಮಾರಾಟವಾಗಿತ್ತು ಎಂದು ತಿಳಿದರೆ ಪ್ರೀತಿ ಕಡಿಮೆಯಾಗಬೇಕಿಲ್ಲ. ಬರಿತಲೆಯ ಮುಖದ ಹಿಂದಿನ ಭಯ ಗೊತ್ತಾದ ಮೇಲೆ ಆ ಮನುಷ್ಯ ನಮಗೆ ಹೆಚ್ಚು ಹತ್ತಿರದವನಾಗುತ್ತಾನೆ.

ನಮ್ಮ ದೇಶದಲ್ಲೂ ಈ ಪ್ರಶ್ನೆ ಬಾಗಿಲು ತಟ್ಟಿದೆ. ಬೆಂಗಳೂರಿನ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ರಜನಿಕಾಂತ್ ತಮ್ಮ ಹೆಸರು, ವರ್ಚಸ್ಸನ್ನು ಬಳಸಿಕೊಂಡ ಹಿಂದಿ ಚಿತ್ರದ ವಿರುದ್ಧ ಹೋರಾಡಿ 2015ರಲ್ಲಿ ಮದ್ರಾಸ್ ಹೈಕೋರ್ಟಿನಿಂದ ಆದೇಶ ಪಡೆದರು. 2022ರಲ್ಲಿ ಅಮಿತಾಭ್ ಬಚ್ಚನ್, 2023ರಲ್ಲಿ ಅನಿಲ್ ಕಪೂರ್ ದೆಹಲಿ ಹೈಕೋರ್ಟಿನಲ್ಲಿ ಅದೇ ಬಗೆಯ ರಕ್ಷಣೆ ಪಡೆದರು. ಕಂಪ್ಯೂಟರ್ ಯಾರ ಮುಖವನ್ನಾದರೂ ಕ್ಷಣದಲ್ಲಿ ತಯಾರಿಸುವ ಈ ದಿನಗಳಲ್ಲಿ ಹೆಸರಾಂತರಿಗಷ್ಟೇ ಅಲ್ಲ, ಸಾಮಾನ್ಯರಿಗೂ ಈ ರಕ್ಷಣೆ ಬೇಕು, ಅದು ಸ್ಪಷ್ಟ ಕಾನೂನಾಗಿ ಬರಬೇಕು. ಹಿಟ್ಟಿನ ಜಾಹೀರಾತಿನ ಹುಡುಗಿಗಾಗಿ 1903ರಲ್ಲಿ ನ್ಯೂಯಾರ್ಕ್ ಮಾಡಿದ್ದು ಅದನ್ನೇ. ಹಳೆಯ ಚಿತ್ರಗಳನ್ನು ಸ್ವತಃ ನೋಡಬೇಕೆನ್ನುವವರು ಹರಾಜಿಗೆ ಹೋಗಬೇಕಾಗಿಲ್ಲ. ಬೆಂಜಮಿನ್ ಎಡ್ವರ್ಡ್ಸ್ ಎಂಬ ಸಂಗ್ರಹಕಾರರು ಕೂಡಿಟ್ಟ, 1887ರಿಂದ 1914ರವರೆಗಿನ 2,100 ಕಾರ್ಡುಗಳನ್ನು ಕವಿ ಕಾರ್ಲ್ ಸ್ಯಾಂಡ್‌ಬರ್ಗ್ 1954ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟರು. ಅವನ್ನೆಲ್ಲ ಅಂತರ್ಜಾಲದಲ್ಲಿ ಯಾರು ಬೇಕಾದರೂ ಹಣ ಕೊಡದೆ ನೋಡಬಹುದು.